ಅಮಾವಾಸ್ಯೆಯ ಬುತ್ತಿ

ಜಾವಳಿಯಿಂದ ಪಡುವಣಕ್ಕೆ ಹೊರಟ ರಸ್ತೆ ಡಾಂಬರು ಮುಗಿದು ಕಲ್ಲಾಗಿ, ಕಲ್ಲು ಮುಗಿದು ಬರೀ ಮಣ್ಣಾಗುವ ಕಡೆ ಹುಲ್ಲುಗುಡ್ಡೆ ಅನ್ನುವ ಊರಿದೆ. ಊರೆಂದರೆ ಬೆರಳಲ್ಲಿ ಎಣಿಸುವಷ್ಟು ಮನೆ. ಕೊನೆಯದು ರಂಗಮ್ಮನದು. ಅದರಿಂದ ಮುಂದೆ ಮೂರೆಕರೆ ರೊಬಸ್ಟಾ ಕಾಫಿ ತೋಟ, ತೋಟದ ಕೆಳಗೆ ಒಂದು ಹಳ್ಳ, ಹಳ್ಳದಾಚೆ ಭೂಮಿಯನ್ನು ಕತ್ತಿಯಲ್ಲಿ ಕಡಿದು ಬಿಟ್ಟ ಹಾಗೆ ಘಟ್ಟ. ಬೇಸಿಗೆಯಲ್ಲಿ ಮಂಜಿಲ್ಲದ ಸಂಜೆ ಘಟ್ಟದಂಚಿಗೆ ಹೋಗಿ ನಿಂತರೆ ತುಂಬಾ ದೂರದಲ್ಲಿ ಒಂದು ಬಿಳಿ ಗೆರೆ ಹೊಳೆಯುತ್ತದೆ. ಮದುವೆಯಾಗಿ ಬಂದ ವರ್ಷ ಗಂಡ ಕರೆದುಕೊಂಡು ಹೋಗಿ, "ನೋಡು, ಅದೇ ಕಡಲು" ಎಂದು ತೋರಿಸಿದ್ದ. ರಂಗಮ್ಮ ಕಂಡ ಕಡಲು ಅಷ್ಟೇ.

ರಂಗಮ್ಮನ ತವರು ಕಳಸದ ಕಡೆ. ಓದಿದ್ದು ಎರಡನೇ ಕ್ಲಾಸು. ಆದರೆ ಕೆಲಸದಲ್ಲಿ ಒಂದು ಕೂದಲು ಆಚೀಚೆ ಆಗಲು ಬಿಡುವವಳಲ್ಲ. ಕಾಫಿ ಹಣ್ಣು ಕಣದಲ್ಲಿ ಒಣಗಿತೋ ಇಲ್ಲವೋ ಎಂದು ನೋಡಲು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುವಳು. ಒಳಗಿನ ಬೀಜ ಸಿಪ್ಪೆಗೆ ಬಡಿದು ಗಲಗಲ ಎನ್ನಬೇಕು. ಗಲಗಲ ಅನ್ನದೆ ಗೊಟಗೊಟ ಅಂದರೆ ಇನ್ನೂ ಎರಡು ಬಿಸಿಲು ಬೇಕು ಎನ್ನುವಳು. ಗಂಡ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ತೀರಿಹೋದ ಮೇಲೆ ತೋಟವನ್ನೂ ಮಗ ಅಶ್ವಿನ್‌ನನ್ನೂ ಇದೇ ನಿಗಾದಲ್ಲಿ ಬೆಳೆಸಿದಳು.

ಅಶ್ವಿನ್‌ಗೆ ಗಿಡಕ್ಕಿಂತ ಇಂಜಿನ್ನಿನ ಮೇಲೆ ಪ್ರೀತಿ. ಸುತ್ತಲ ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಕೆಟ್ಟರೆ ಇವನಿಗೇ ಹೇಳಿಕಳಿಸುತ್ತಿದ್ದರು. ಹಾಗೇ ಒಬ್ಬ ಕಂಟ್ರಾಕ್ಟರನ ಪರಿಚಯವಾಗಿ, ಅಂಡಮಾನಿನ ಕಡೆಯ ಯಾವುದೋ ದ್ವೀಪದ ದೀಪಸ್ತಂಭದಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಗ ಸುಕನ್ಯಾಳನ್ನು ಮದುವೆಯಾಗಿ ಎರಡು ವರ್ಷ. ಅಲ್ಲಿ ಹೆಂಗಸರನ್ನು ಇಟ್ಟುಕೊಳ್ಳಲು ಮನೆಯಿಲ್ಲ ಎಂದು ಅವಳನ್ನು ಇಲ್ಲೇ ಬಿಟ್ಟು ಹೋದ. ವರ್ಷಕ್ಕೊಮ್ಮೆ, ಕಾಫಿ ಕೊಯ್ಲಿನ ಕಾಲಕ್ಕೆ ಬರುತ್ತಿದ್ದ.

ಕಡೆಯ ಸಲ ಬಂದಾಗ ಒಂದು ಬೆಳಗ್ಗೆ ರಂಗಮ್ಮ ಕಣದಲ್ಲಿ ಹಣ್ಣು ಹರಡುತ್ತಿದ್ದಳು. ಅಶ್ವಿನ್ ಅವಳ ಕೈಯಿಂದ ಗೋರೆ ಕಸಿದುಕೊಂಡು ಕೆಂಪು ಹಣ್ಣನ್ನು ಒಂದು ಕಡೆ ಗುಡ್ಡೆ ಎಳೆದ.

"ಇದು ನಮ್ಮ ದ್ವೀಪ ಅಂತ ತಿಳ್ಕ ಅವ್ವ. ಮಲಗಿರೋ ನಾಯಿ ಥರ ಐತೆ ನೋಡು. ಇದು ತಲೆ, ಇದು ಬಾಲ. ಬಾಲದ ತುದೀಲಿ ನಮ್ಮ ದೀಪದ ಕಂಬ."

"ನಾಯಿ ಬಾಲದ ಮೇಲೆ ದೀಪ ಹಚ್ಚಾಕೆ ಅಷ್ಟು ದೂರ ಹೋದ್ಯಾ?" ಎಂದಳು ರಂಗಮ್ಮ.

ಸುಕನ್ಯಾ ಬಾಗಿಲ ಸಂದಿಯಲ್ಲಿ ನಿಂತು ನಕ್ಕಳು. ಅಶ್ವಿನ್ ಗೋರೆಯ ಹಿಡಿಯಲ್ಲಿ ತೋರಿಸುತ್ತಾ ಹೋದ. ನಾಯಿಯ ನಡುಬೆನ್ನಿನ ಮೇಲೆ ಗುಡ್ಡದ ಸಾಲು. ಇಲ್ಲಿನ ಹಾಗೇ ಕಾಡು, ಇಲ್ಲಿನ ಹಾಗೇ ಮಳೆ, ಆದರೆ ಹತ್ತಿದರೆ ಎಲ್ಲಾ ಕಡೆಯೂ ನೀರೇ ಕಾಣುವುದು. ಹೊಟ್ಟೆಯ ಕಡೆ ಕೆಸರಿನ ತೊರೆಗಳು. ಅಲ್ಲಿ ಮರಗಳು ಉಪ್ಪು ನೀರಿನಲ್ಲಿ ನಿಂತು ಬೇರನ್ನು ಮೇಲಕ್ಕೆತ್ತಿಕೊಂಡಿರುತ್ತವೆ. ಮೊಸಳೆ ಇದೆ. ಸುನಾಮಿಯಲ್ಲಿ ಮುಳುಗಿದ ಜಾಗದಲ್ಲಿ ಒಣಗಿದ ಮರಗಳು ಇನ್ನೂ ನೀರಲ್ಲೇ ನಿಂತಿವೆ. ಬೆನ್ನಿನ ಕಡೆ ಜಲಸಂಧಿ. ಆಚೆ ಇನ್ನೊಂದು ದ್ವೀಪ, ನಡುವೆ ಇಕ್ಕಟ್ಟಾದ ಕಡಲು.

"ಎರಡು ಮನೆ ನಡುವೆ ಸಂದಿ ಇರಲ್ವಾ, ಗಾಳಿ ನುಗ್ಗಲ್ವಾ, ಹಂಗೆ ನೀರು ನುಗ್ತದೆ. ಬೆಳಗ್ಗೆ ಆ ಕಡೆಯಿಂದ ಈ ಕಡೆ. ಆಮೇಲೆ ಒಂದು ಗಳಿಗೆ ಸುಮ್ನೆ ನಿಂತ್ಕಂತದೆ. ಆಮೇಲೆ ಈ ಕಡೆಯಿಂದ ಆ ಕಡೆ."

"ನೀರು ಎಲ್ಲಾರ ವಾಪಸ್ ಹೋಗ್ತದೇನೋ?" ರಂಗಮ್ಮ ನಂಬಲಿಲ್ಲ.

"ಅಲ್ಲಿ ಹೋಗ್ತದೆ ಮಾರಾಯ್ತಿ. ಮೊದಮೊದ್ಲು ನಾನೂ ನಂಬಿರ್ಲಿಲ್ಲ."

ಕೊರೊನಾ ಬರುವ ಹಿಂದಿನ ಮಳೆಗಾಲದಲ್ಲಿ ಅಶ್ವಿನ್ ಆ ಸಂದಿಯಲ್ಲೇ ಕಾಣೆಯಾದ. ಡೀಸೆಲ್ ತರಲು ಸಣ್ಣ ದೋಣಿಯಲ್ಲಿ ಆಚೆಯ ದ್ವೀಪಕ್ಕೆ ಹೊರಟವನು ಅಲ್ಲಿಗೂ ಮುಟ್ಟಲಿಲ್ಲ, ಇಲ್ಲಿಗೂ ಬರಲಿಲ್ಲ. ಆ ಸುದ್ದಿ ತಂದವನು ಅಭಿಷೇಕ್ ಎಂಬ ಹುಡುಗ. ಅತ್ತಿಗುಂಡಿಯವನು, ಅಶ್ವಿನ್ನೇ ಆ ಕೆಲಸಕ್ಕೆ ಸೇರಿಸಿದ್ದ. ಅಂದು ಅಭಿಷೇಕ್ ತಲೆ ತಗ್ಗಿಸಿ, "ಹುಡುಕ್ತಾ ಇದ್ದಾರೆ ಅಮ್ಮ" ಎಂದು ಹೇಳಿ ಕಾಫಿಯನ್ನೂ ಕುಡಿಯದೆ ಹೊರಟುಬಿಟ್ಟ.

ರಂಗಮ್ಮ ಅಳಲಿಲ್ಲ. ಅವಳ ಮನಸ್ಸಿಗೆ ಕಂಡದ್ದೇ ಬೇರೆ. ಅವನು ಈಜು ಬಲ್ಲವನು. ಮಳೆಗಾಲದ ಹೇಮಾವತಿಯನ್ನು ಅಡ್ಡ ಈಜಿದವನು. ದ್ವೀಪದ ಹೊಟ್ಟೆಯ ಕಡೆ ಜನ ಕಾಲಿಡದ ಕಾಡಿದೆ ಎಂದು ಅವನೇ ಹೇಳಿದ್ದಾನೆ. ಅಲ್ಲಿ ಎಲ್ಲೋ ಹತ್ತಿಕೊಂಡಿರುತ್ತಾನೆ, ದಾರಿ ಸಿಗದೆ ಇರುತ್ತಾನೆ. ಅಷ್ಟು ಹೊತ್ತಿಗೆ ಇನ್ನೊಂದು ವಿಷಯ ಫೋನಿನಲ್ಲಿ ಯಾರೋ ಹೇಳಿದರು. ಅಂದು ಅವನು ತಿಂಡಿ ತಿನ್ನದೆ ಹೊರಟಿದ್ದನಂತೆ. ಅದು ಅವಳಿಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು.

ಮುಂದಿನ ಅಮಾವಾಸ್ಯೆಗೆ ಕಡುಬು ಮಾಡಿದಳು. ಅಡಿಕೆ ಹಾಳೆಯ ದೊನ್ನೆ ಕಟ್ಟಿ, ಅದರಲ್ಲಿ ಒಂದು ಕಡುಬಿಟ್ಟು, ಮೇಲೆ ಚಿಟಿಕೆ ಉಪ್ಪು ಹಾಕಿ ಹಳ್ಳಕ್ಕೆ ಹೋದಳು. ದೀಪ ಇಡಲಿಲ್ಲ, ಎಳ್ಳು ಹಾಕಲಿಲ್ಲ. ಸತ್ತವರಿಗಿಡುವ ಎಡೆಯಲ್ಲ ಅದು, ಇದ್ದವನಿಗೆ ಕಳಿಸುವ ಬುತ್ತಿ. ಹಳ್ಳ ಘಟ್ಟಕ್ಕಿಳಿಯುವ ಮುಂಚೆ ಒಂದು ಬಂಡೆಯನ್ನು ಬಳಸಿ ಹೋಗುತ್ತದೆ. ಬಂಡೆ ಆನೆಯ ಬೆನ್ನಿನ ಹಾಗಿದೆ. ದೊನ್ನೆ ಮಗುಚದೆ ಆ ಬಂಡೆಯನ್ನು ದಾಟಿದರೆ ಮಗ ಇದ್ದಾನೆ, ಮಗುಚಿದರೆ ಇಲ್ಲ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ತಾನೇ ನೀರಿನ ಮುಂದೆ ನಿಂತು ಹೇಳಿಕೊಂಡಳು.

ದೊನ್ನೆ ದಾಟಿತು. ಮುಂದಿನ ಅಮಾವಾಸ್ಯೆಗೂ ದಾಟಿತು. ಹಾಳೆಯನ್ನು ಅವಳು ನೆನೆಸಿ, ಬಾಗಿಸಿ, ತಳಕ್ಕೆ ಒಂದು ಚಪ್ಪಟೆ ಕಲ್ಲು ಕಟ್ಟಿ ಅಷ್ಟು ಹದವಾಗಿ ಮಾಡುತ್ತಿದ್ದಳು, ಮಗುಚುವುದಾದರೂ ಹೇಗೆ? ಬಿರುಬೇಸಿಗೆಯಲ್ಲೂ ಆ ಹಳ್ಳದಲ್ಲಿ ಒಂದು ಮೊಳ ನೀರಿರುತ್ತಿತ್ತು.

ಕೊಯ್ಲು ಬಂದಾಗಲೆಲ್ಲಾ ಕಣದಲ್ಲಿ ಆ ದ್ವೀಪವನ್ನೂ ಎಳೆದಳು. ಅದೇ ನಾಯಿ, ಅದೇ ಬಾಲ. ಮೊದಲು ಕೆಂಪಗಿರುವುದು, ಬಿಸಿಲಿಗೆ ದಿನದಿನಕ್ಕೆ ಕಪ್ಪಾಗುವುದು. ಗುಡ್ಡೆಯಾಗಿ ಬಿದ್ದ ಕಾಫಿ ಒಳಗೊಳಗೇ ಬೂಸಲು ಹಿಡಿಯುತ್ತದೆ. ಅದು ರಂಗಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೇ ದಿನವೂ ಮಧ್ಯಾಹ್ನ ಅದನ್ನು ಕೆಡವಿ ಹರಡುವಳು, ಸಂಜೆ ಮತ್ತೆ ಕಟ್ಟುವಳು. ಸುಕನ್ಯಾ ಇನ್ನೊಂದು ಗೋರೆ ಹಿಡಿದು ನಾಯಿಯ ತಲೆಯ ಕಡೆಯಿಂದ ಎಳೆದುಕೊಂಡು ಬರುವಳು.

ಹೀಗೆ ಏಳನೇ ವರ್ಷ ನಡೆಯುತ್ತಿರುವಾಗ ಮಾತು ಎದ್ದಿತು. ಎತ್ತಿದವನು ಪುಟ್ಟಸ್ವಾಮಿ, ರಂಗಮ್ಮನ ಮೈದುನ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ.

"ಅತ್ತಿಗೆ, ಮೂಡಿಗೆರೆ ರಸ್ತೇಲಿ ಕಾಫಿ ಸಸಿ ನರ್ಸರಿ ಮಾಡಿರೋ ತಮ್ಮಯ್ಯ ಇದಾನಲ್ಲ, ಹೆಂಡ್ತಿ ಹೋಗಿ ಮೂರು ವರ್ಷ ಆತು. ಸುಕನ್ಯಾನ ಕೇಳ್ತಾ ಇದಾನೆ. ಒಳ್ಳೇನು. ಕುಡಿಯಲ್ಲ, ಕೂಗಾಡಲ್ಲ."

"ಗಂಡ ಇರೋಳನ್ನ ಕೇಳಾಕೆ ಅವ್ನಿಗೆ ತಲೆ ಕೆಟ್ಟೈತಾ?"

"ಅದೇ ಅತ್ತಿಗೆ, ಅದನ್ನೇ ಮುಗಿಸ್ಬಿಡಾಣ ಅಂತ. ದಾಮೋದರ ಭಟ್ರನ್ನ ಕೇಳಿದೀನಿ. ಹೆಣ ಸಿಗದೆ ಇದ್ರೆ ದರ್ಭೆಯಲ್ಲಿ ಆಳು ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು ಸಂಸ್ಕಾರ ಮಾಡಬೋದಂತೆ. ಆದ್ರೆ ತಾಯಿ ಒಪ್ಬೇಕು ಅಂದ್ರು."

"ತಾಯಿ ಒಪ್ಪಲ್ಲ ಅಂತ ಹೇಳು ಭಟ್ರಿಗೆ. ಹೋದ ಅಮಾಸೆಗೂ ದೊನ್ನೆ ದಾಟೈತೆ."

ಪುಟ್ಟಸ್ವಾಮಿ ಸುಕನ್ಯಾಳ ಕಡೆ ನೋಡಿದ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳ ಮನಸ್ಸಿನಲ್ಲಿ ಏನಿದೆ ಎಂದು ರಂಗಮ್ಮ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾಳೇನೋ ಎಂಬ ಹೆದರಿಕೆ ಅವಳಿಗಿತ್ತು.

ಒಂದು ವಾರ ಕಳೆದು ಪುಟ್ಟಸ್ವಾಮಿ ಬೆಳಗ್ಗೆ ಒಂದು ಜೀಪಿನಲ್ಲಿ ಬಂದ. ಓಡಿಸುತ್ತಿದ್ದವನು ಅಭಿಷೇಕ್. ದ್ವೀಪದ ಕೆಲಸ ಬಿಟ್ಟು ಊರಿಗೆ ಬಂದು, ಈಗ ಅತ್ತಿಗುಂಡಿಯಲ್ಲಿ ಟೂರಿಸ್ಟ್ ಜನರನ್ನು ಗಿರಿಗೆ ಹತ್ತಿಸುತ್ತಾನೆ. ಮೈ ಕೈ ತುಂಬಿಕೊಂಡಿತ್ತು. ಆದರೆ ರಂಗಮ್ಮನ ಮುಂದೆ ಕೂತಾಗ ಅದೇ ಹಿಂದಿನ ಹುಡುಗನ ಹಾಗೆ ತಲೆ ತಗ್ಗಿಸಿದ.

"ಈ ಸಲ ಕಾಫಿ ಕುಡ್ದೇ ಹೇಳು" ಎಂದಳು ರಂಗಮ್ಮ.

ಅವನು ಕುಡಿದ. ಲೋಟ ಕೆಳಗಿಟ್ಟು ಹೇಳಿದ. ಹಡಗು ಬರದೆ ಡೀಸೆಲ್ ತಳ ಕಂಡಿತ್ತು. ದೀಪ ಆರುವ ಹಾಗಿಲ್ಲ. ಅಶ್ವಿನ್ ಒಬ್ಬ ದೋಣಿಯವನನ್ನು ಒಪ್ಪಿಸಿದ. ನೀರು ನಿಂತಿರುವಾಗ ಹೊರಟು ದಾಟಬೇಕು. ಆದರೆ ದೋಣಿಯ ಇಂಜಿನ್ ತಕರಾರು ಮಾಡಿತು, ಅದನ್ನು ರಿಪೇರಿ ಮಾಡುತ್ತಾ ಕೂತರು. ಹೊರಡುವಾಗ ಹೊತ್ತು ಮೀರಿತ್ತು.

"ನಾಳೆ ಹೋಗಾಣ ಅಣ್ಣ ಅಂದೆ. ಹೊಳೆ ದಾಟಿದೋನಿಗೆ ಇದೊಂದು ಲೆಕ್ಕನಾ ಮಾರಾಯ ಅಂದ. ನಡೂಗೆ ಹೋಗೋ ಅಷ್ಟ್ರಲ್ಲಿ ನೀರು ತಿರುಗ್ತು ಅಮ್ಮ. ಕಂಬದ ಮೇಲಿಂದ ನೋಡ್ತಾ ಇದ್ದೆ. ದೋಣಿ ಅಡ್ಡಡ್ಡ ಹೋಯ್ತು. ಆಮೇಲೆ ಮಳೆ ಪರದೆ ಬಿದ್ದಂಗೆ ಬಿತ್ತು."

ದೋಣಿಯವನ ಹೆಣ ಮೂರನೇ ದಿನ ಸಿಕ್ಕಿತ್ತು. ಅದನ್ನು ಅಭಿಷೇಕ್ ಇಷ್ಟು ವರ್ಷ ಹೇಳಿರಲಿಲ್ಲ.

"ಅವನದು ಸಿಕ್ತು. ಇವನದು ಸಿಕ್ಲಿಲ್ಲ" ಎಂದಳು ರಂಗಮ್ಮ. "ಅಂದ್ರೆ ಇವ್ನು ಎಲ್ಲೋ ಹತ್ಕಂಡವ್ನೆ. ಹೊಟ್ಟೆ ಕಡೆ ಕಾಡು ನೋಡಿದ್ರಾ?"

"ಯಾವ ಹೊಟ್ಟೆ ಅಮ್ಮ?"

ರಂಗಮ್ಮ ಎದ್ದು ಅವನನ್ನು ಕಣಕ್ಕೆ ಕರೆದುಕೊಂಡು ಹೋದಳು. ಹಣ್ಣು ಅರ್ಧ ಒಣಗಿ ಕಂದು ಬಣ್ಣವಾಗಿತ್ತು. ಗುಡ್ಡೆಯ ನಾಯಿ ಮಲಗಿತ್ತು. ಅಭಿಷೇಕ್ ಬಹಳ ಹೊತ್ತು ಬಗ್ಗಿ ನೋಡಿದ. ಅವನ ಕಣ್ಣು ತುಂಬಿತು. ತೊರೆಯ ಬಾಯಿ, ಗುಡ್ಡದ ಸಾಲು, ದೀಪದ ಕಂಬದ ಜಾಗಕ್ಕೆ ಚುಚ್ಚಿದ ಒಂದು ಕಡ್ಡಿ, ಎಲ್ಲವೂ ಇದ್ದವು.

"ಹೊಟ್ಟೆ ಕಡೆನೂ ನಡೆದ್ವಿ ಅಮ್ಮ. ಇಲ್ಲಿಂದ ವಾಪಸ್ ಹೋದ ಮೇಲೂ, ಮಳೆಗಾಲ ಮುಗಿಯೋ ತನಕ ನಡೆದ್ವಿ" ಎಂದ. ಆಮೇಲೆ ಸುತ್ತ ನೋಡಿ, ಸೂರ್ಯನ ಕಡೆ ನೋಡಿ, ತಲೆ ಕೆರೆದುಕೊಂಡ. "ಆದ್ರೆ ಇದು ತಿರುಗುಮುರುಗು ಆಗೈತೆ. ತಲೆ ಬಡಗಲಿಗೆ ಬರ್ಬೇಕು. ಬೆನ್ನು, ಸಂದಿ, ಅವು ಮೂಡಲಿಗೆ."

"ಮೂಡಲಾಗೆ ಏನೈತೆ? ಮೂಡಿಗೆರೆ ಐತೆ" ಎಂದಳು ರಂಗಮ್ಮ. "ಕಡಲಿರೋದು ಘಟ್ಟದ ಕೆಳಗೆ. ಅದಕ್ಕೇ ಬೆನ್ನು ಆ ಕಡೆ ಹಾಕಿದೀನಿ."

"ಅದು ಮಂಗಳೂರು ಕಡಲು ಅಮ್ಮ. ನಾವಿದ್ದಿದ್ದು ಮದ್ರಾಸ್ ಕಡಲು. ಮದ್ರಾಸಲ್ಲಿ ಹಡಗು ಹತ್ತಿ ಸೂರ್ಯ ಹುಟ್ಟೋ ಕಡೆಗೇ ಹೋಗ್ಬೇಕು."

"ಎಲ್ಲಿ ಹತ್ತಿದ್ರೂ ಕಡಲು ಒಂದೇ ಅಲ್ವೇನೋ?"

"ನಡುವೆ ದೇಶಾನೇ ಅಡ್ಡ ಮಲಗೈತಲ್ಲಮ್ಮ."

ರಂಗಮ್ಮ ತಿರುಗಿ ತೋಟದ ಕೆಳಗೆ ನೋಡಿದಳು. ಹಳ್ಳ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು.

"ನಮ್ಮ ಹಳ್ಳದ ನೀರು ಎಲ್ಲಿಗೆ ಹೋಗ್ತದೆ?"

ಅಭಿಷೇಕ್ ಹೇಳಿದ. ಘಟ್ಟ ಇಳಿದು ನೇತ್ರಾವತಿಗೆ, ನೇತ್ರಾವತಿಯಿಂದ ಮಂಗಳೂರಿಗೆ.

"ಅಶ್ವಿನ್ ಇದ್ದ ಕಡಲಿಗೆ?"

"ಅಲ್ಲಿಗೆ ಹೋಗೋದು ಹೇಮಾವತಿ ನೀರು. ಜಾವಳಿಯಲ್ಲಿ ಹುಟ್ಟಿ, ಕಾವೇರಿ ಸೇರಿ, ಆ ಕಡೆಗೆ."

ಪುಟ್ಟಸ್ವಾಮಿಗೆ ವಿಷಯ ಹೊಳೆದು ಮುಖ ಸಣ್ಣದಾಯಿತು. "ಹೋಗ್ಲಿ ಬಿಡಿ ಅತ್ತಿಗೆ, ಎಲ್ಲ ನೀರೂ ಕಡೆಗೆ ಒಂದೇ ಅಲ್ವಾ" ಎಂದ, ಯಾರೂ ಕೇಳದೇ ಇದ್ದರೂ.

"ಒಂದೇ ಆಗಿದ್ರೆ ಎರಡು ಹೊಳೆಗೆ ಎರಡು ಹೆಸರು ಯಾಕೆ ಇಟ್ರು ಪುಟ್ಟಸ್ವಾಮಿ?" ಎಂದಳು ರಂಗಮ್ಮ. ಅವಳ ದನಿ ಏರಲಿಲ್ಲ. ಕಾಫಿ ಇನ್ನೂ ಎರಡು ಬಿಸಿಲು ಒಣಗಬೇಕು ಅನ್ನುವಾಗಿನ ದನಿಯೇ.

ಜೀಪು ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಕಣದ ಕಟ್ಟೆಯ ಮೇಲೆ ಕೂತರು. ಮಧ್ಯಾಹ್ನ ಗುಡ್ಡೆ ಕೆಡವಿ ಹರಡುವ ಹೊತ್ತು. ರಂಗಮ್ಮ ಗೋರೆ ಮುಟ್ಟಲಿಲ್ಲ.

"ನೀನು ಮೂಡಿಗೆರೇಲಿ ಎಸ್ಸೆಸ್ಸೆಲ್ಸಿ ಓದ್ದೋಳು. ನಿಂಗೆ ಗೊತ್ತಿತ್ತಾ, ಈ ಹಳ್ಳ ಎಲ್ಲಿಗೆ ಹೋಗ್ತದೆ ಅಂತ?"

ಸುಕನ್ಯಾ ಉಗುರಿನಲ್ಲಿ ಒಂದು ಹಣ್ಣಿನ ಸಿಪ್ಪೆ ಕೀಳುತ್ತಿದ್ದಳು.

"ಗೊತ್ತಿತ್ತು ಅತ್ತೆ."

"ಮೊದಲಿಂದ್ಲೂ?"

"ಮೊದಲಿಂದ್ಲೂ."

"ಯಾಕೆ ಹೇಳ್ಲಿಲ್ಲ?"

"ಅಮಾಸೆ ದಿನ ಒಂದೇ ನೀವು ಹೊಟ್ಟೆ ತುಂಬ ಉಣ್ತಿದ್ದಿದ್ದು."

ರಂಗಮ್ಮನಿಗೆ ಗೊತ್ತು, ಅದು ನಿಜ. ದೊನ್ನೆ ಬಂಡೆ ದಾಟಿದ್ದನ್ನು ನೋಡಿ ಮನೆಗೆ ಬಂದ ದಿನ ಕಡುಬು ಉಣ್ಣುತ್ತಿದ್ದಳು, ಎರಡನೇ ಸಲ ಸಾರು ಕೇಳುತ್ತಿದ್ದಳು. ಮಿಕ್ಕ ದಿನ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದಳು. ಈ ಹುಡುಗಿ ಅದನ್ನು ನೋಡಿಕೊಂಡು, ತನ್ನ ವಯಸ್ಸನ್ನು ಆ ಹಳ್ಳದಲ್ಲಿ ಹರಿಯಲು ಬಿಟ್ಟು, ಪ್ರತಿ ಅಮಾವಾಸ್ಯೆಗೂ ಹಿಟ್ಟು ರುಬ್ಬಿ ಕೊಟ್ಟಿದ್ದಾಳೆ.

"ತಮ್ಮಯ್ಯನ್ನ ನೋಡಿದೀಯಾ?"

"ಸಸಿ ತರಾಕೆ ಹೋದಾಗ ಎರಡು ಸಲ." ಸುಕನ್ಯಾ ತಲೆ ಎತ್ತಲಿಲ್ಲ. "ನಂಗೂ ಸಾಕಾಗೈತೆ ಅತ್ತೆ. ಆದ್ರೆ ನೀವು ಇಲ್ಲ ಅಂದ್ರೆ ಇಲ್ಲ."

"ಬರೋ ಅಮಾಸೆಗೆ ಜಾವಳಿಗೆ ಹೋಗಾಣ" ಎಂದಳು ರಂಗಮ್ಮ. "ಒಂದು ಸಲ ಸರಿಯಾದ ನೀರನ್ನ ಕೇಳ್ತೀನಿ. ಅದು ಏನು ಹೇಳ್ತದೋ ಅದು."

ಅಮಾವಾಸ್ಯೆಯ ಬೆಳಗ್ಗೆ ಇಬ್ಬರೂ ಹೊರಟರು. ದೊನ್ನೆಯನ್ನು ರಂಗಮ್ಮ ಹಿಂದಿನ ದಿನವೇ ಮಾಡಿದ್ದಳು. ಅಷ್ಟು ವರ್ಷದಲ್ಲಿ ಅಂಥದೊಂದನ್ನು ಮಾಡಿರಲಿಲ್ಲ, ಅಷ್ಟು ನುಣುಪು. ಕಾಫಿಗೆ ಹೂ ಬಿಡಿಸುವ ಹೂಮಳೆ ಇನ್ನೂ ಬಿದ್ದಿರಲಿಲ್ಲ. ದಾರಿಯ ಎರಡು ಕಡೆ ಕಾಫಿ ಎಲೆ ಬಾಡಿ ಜೋತುಬಿದ್ದಿತ್ತು.

ಹೇಮಾವತಿ ಹುಟ್ಟುವ ಜಾಗಕ್ಕೆ ಹೋಗಿ ನೋಡಿದರೆ, ಹೊಳೆ ಎಂದು ಕರೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಕಲ್ಲಿನ ಬುಡದಿಂದ ಜಿನುಗಿದ ನೀರು ಮರಳಿನ ಮೇಲೆ ಒಂದು ಸೆರಗಿನಷ್ಟು ಅಗಲ ಹರಡಿ, ಪಾಚಿಯಲ್ಲಿ ಹಾದು ಕೆಳಗೆ ಹೋಗುತ್ತಿತ್ತು. ಕಾಲಿಟ್ಟರೆ ಪಾದ ಮುಳುಗದು.

ರಂಗಮ್ಮ ಮಂಡಿಯೂರಿ ದೊನ್ನೆಯನ್ನು ಬಿಟ್ಟಳು. ದೊನ್ನೆ ತಳ ಊರಿ ಕೂತಿತು. ತೇಲಲೂ ಇಲ್ಲ, ಮಗುಚಲೂ ಇಲ್ಲ. ನೀರು ಅದರ ಎರಡೂ ಬದಿಯಿಂದ ಬಳಸಿಕೊಂಡು ಹೋಯಿತು. ಅವಳು ಕಾದಳು. ಬಿಸಿಲು ಮರದ ಬುಡದಿಂದ ಕಲ್ಲಿನ ಮೇಲೆ ಬಂತು. ಒಂದು ಇರುವೆ ಸಾಲು ಹೇಗೋ ದಾರಿ ಮಾಡಿಕೊಂಡು ಕಡುಬಿನ ಅಂಚಿಗೆ ಹತ್ತಿತು.

ಸುಕನ್ಯಾ ಬಗ್ಗಿ ದೊನ್ನೆಗೆ ಕೈ ಹಾಕಿದಳು. "ಸ್ವಲ್ಪ ಕೆಳಗೆ ಹೋದ್ರೆ ನೀರು ಐತೆ ಅತ್ತೆ. ಸೇತುವೆ ಹತ್ರ ಮೊಣಕಾಲುದ್ದ ಐತೆ. ಅಲ್ಲಿ ಬಿಡಾಣ ಬನ್ನಿ."

"ಬೇಡ" ಎಂದಳು ರಂಗಮ್ಮ. "ತೇಲೋ ಜಾಗ ಹುಡ್ಕೊಂಡು ಹೋದ್ರೆ ತೇಲ್ತದೆ. ಹಾಳೆ ಅಲ್ವಾ ಅದು. ಕಲ್ಲು ಕಟ್ಟಿರೋಳು ನಾನೇ ಅಲ್ವಾ."

ಅವಳು ಅಲ್ಲೇ ಕೂತು ಇನ್ನೂ ಸ್ವಲ್ಪ ಹೊತ್ತು ನೀರನ್ನು ನೋಡಿದಳು. ಅದು ಒಂದೇ ಕಡೆ ಹೋಗುತ್ತಿತ್ತು. ಆಮೇಲೆ ಕೈಯೂರಿ ಎದ್ದು, ಸೀರೆಗೆ ಮೆತ್ತಿದ ಮರಳು ಕೊಡವಿ, "ಪುಟ್ಟಸ್ವಾಮಿಗೆ ಫೋನ್ ಮಾಡು. ಭಟ್ರು ದಿನ ನೋಡ್ಲಿ" ಎಂದಳು.

ಸುಕನ್ಯಾ ಫೋನ್ ತೆಗೆದಳು, ಆದರೆ ಮಾಡಲಿಲ್ಲ. ಎರಡು ಕೈಯಲ್ಲೂ ಅತ್ತೆಯನ್ನು ಹಿಡಿದುಕೊಂಡು ಅತ್ತಳು. ಏಳು ವರ್ಷ ಅಳುವುದಕ್ಕೂ ಬಾಯಿ ಬಿಡದವಳು ಆವತ್ತು ಬಿಟ್ಟಳು. ರಂಗಮ್ಮ ಅವಳ ಬೆನ್ನು ತಟ್ಟುತ್ತಾ, "ದೊನ್ನೆ ಎತ್ಕ, ಕಡುಬು ಅಲ್ಲಿ ಕೊಳೆಯೋದು ಬೇಡ" ಎಂದು ಮಾತ್ರ ಹೇಳಿದಳು. ಮನೆಗೆ ಬಂದು ಆ ಕಡುಬನ್ನು ಅಂಗಳದ ನಾಯಿಗೆ ಹಾಕಿದಳು. ಆವತ್ತು ಅವಳು ಉಣ್ಣಲಿಲ್ಲ.

ದರ್ಭೆಯ ಆಳನ್ನು ತೋಟದ ಮೂಲೆಯಲ್ಲಿ ಗಂಡನನ್ನು ಸುಟ್ಟ ಜಾಗದ ಪಕ್ಕದಲ್ಲೇ ಸುಟ್ಟರು. ಕೊಳ್ಳಿ ಇಟ್ಟವನು ಪುಟ್ಟಸ್ವಾಮಿ. ದರ್ಭೆ ಒಣಗಿದ್ದು, ಬಲು ಬೇಗ ಉರಿದು ಹೋಯಿತು. ಹೆಂಗಸರಲ್ಲಿ ಹಿರಿಯಳಾದ ಹುಚ್ಚಮ್ಮ ಸುಕನ್ಯಾಳ ಬಳೆ ಒಡೆಯಲು ಮುಂದೆ ಬಂದಾಗ ರಂಗಮ್ಮ, "ಅವಳ ಕೈ ಬಿಡು ಹುಚ್ಚಮ್ಮ" ಎಂದಳು. ಹುಚ್ಚಮ್ಮ ಗೊಣಗಿ ಹಿಂದೆ ಸರಿದಳು. ಬೂದಿಯನ್ನು ಹೇಮಾವತಿಗೇ ಬಿಡಬೇಕೆಂದು ರಂಗಮ್ಮ ಹಟ ಹಿಡಿದದ್ದರಿಂದ ಜೀಪು ಮಾಡಿಕೊಂಡು ಸೇತುವೆಯವರೆಗೆ ಹೋದರು. ಓಡಿಸಿದವನು ಅಭಿಷೇಕ್.

ಸುಕನ್ಯಾಳ ಮದುವೆ ಮಳೆಗಾಲಕ್ಕೆ ಮುಂಚೆ ತಮ್ಮಯ್ಯನ ನರ್ಸರಿಯ ಅಂಗಳದಲ್ಲೇ ಆಯಿತು. ಭಾನುವಾರ ಭಾನುವಾರ ಬರುತ್ತಾಳೆ, ಗಂಡನನ್ನೂ ಕರೆದುಕೊಂಡು ಬಂದು ತೋಟದ ಕೆಲಸ ಮಾಡಿಸುತ್ತಾಳೆ. ತಮ್ಮಯ್ಯ ರಂಗಮ್ಮನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಏನೂ ಕರೆಯುವುದಿಲ್ಲ.

ಮುಂದಿನ ಕೊಯ್ಲಿನಲ್ಲಿ ರಂಗಮ್ಮ ಹಣ್ಣನ್ನು ಕಣದ ತುಂಬ ಸಮನಾಗಿ ಹರಡಿದಳು. ಬೂಸಲು ಹಿಡಿಯುವ ಭಯವಿಲ್ಲದೆ ಎಲ್ಲಾ ಒಂದೇ ಹದಕ್ಕೆ ಒಣಗಿತು. ಕಿವಿಯ ಹತ್ತಿರ ಹಿಡಿದರೆ ಎಲ್ಲ ಹಿಡಿಯೂ ಗಲಗಲ. ಭಾನುವಾರ ಬಂದ ಸುಕನ್ಯಾ ಕಟ್ಟೆಯ ಮೇಲೆ ಕೂತು ಅತ್ತೆ ಗೋರೆ ಎಳೆಯುವುದನ್ನು ನೋಡಿದಳು. ರಂಗಮ್ಮ ಒಂದು ತುದಿಯಿಂದ ಎಳೆದುಕೊಂಡು ಬಂದು, ನಡುವೆ, ದ್ವೀಪ ಇರುತ್ತಿದ್ದ ಕಡೆ ನಿಂತು, ಅಲ್ಲಿಂದ ಬಳಸಿ ಸುತ್ತು ಹಾಕಿ ಆಚೆ ಹೋಗುತ್ತಿದ್ದಳು. ಆ ನಡುವಿನ ಕಾಫಿಯನ್ನು ಸುತ್ತ ನಿಂತು ಕೈ ಚಾಚಿಯೇ ತಿರುವುತ್ತಿದ್ದಳು. ಕಾಲಿಡುತ್ತಿರಲಿಲ್ಲ.